ಏಣಿ ಕೊಟ್ಟರು, ಹಿಡಿಯುವ ಕೈ ಎಲ್ಲಿ?



“ಸಾಲಿಯೊಳಗ ಪಾಠ ಇಲ್ಲ, ಬರೇ ಆಟ” ಎಂಬ ದೂರನ್ನು ಗೋಕಾಕ, ಮೂಡಲಗಿ, ಹುಕ್ಕೇರಿಯ ಪಾಲಕರಿಂದ ಕೇಳುತ್ತಲೇ ಇದ್ದೇನೆ. ಮಾಸ್ತರಿಕೆ ಮಾಡಿ ಬಂದವನಾಗಿ ಹೇಳುತ್ತೇನೆ: ತಪ್ಪು ಆಟದ್ದಲ್ಲ.

1995ರಲ್ಲಿ ಹೆಗ್ಗಡದೇವನಕೋಟೆಯ ಸರಕಾರಿ ಶಿಕ್ಷಕರು ಋಷಿವ್ಯಾಲಿಯ ಪದ್ಧತಿ ನೋಡಿಬಂದು ‘ನಲಿ-ಕಲಿ’ ಕಟ್ಟಿದರು. ಕಾರ್ಡು, ಗುಂಪು, ಕಲಿಕೆಯ ಏಣಿ. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರುತ್ತದೆ. ಸುಗ್ಗಿಯಲ್ಲಿ ಹದಿನೈದು ದಿನ ಸಾಲಿ ತಪ್ಪಿಸಿದ ಕೂಲಿಯವನ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಬಡವರ ಮಕ್ಕಳಿಗೆ ಇದಕ್ಕಿಂತ ಹಿತವಾದದ್ದು ಯಾವುದು?

2009-10ರಲ್ಲಿ ಸರಕಾರ ಇದನ್ನು ರಾಜ್ಯಕ್ಕೆಲ್ಲ ಹಬ್ಬಿಸಿತು. ಏಣಿ ಕೊಟ್ಟಿತು, ಹಿಡಿಯುವ ಕೈ ಕೊಡಲಿಲ್ಲ. ಮೂರು ಇಯತ್ತೆಗಳನ್ನು ಒಂದೇ ಕೋಣೆಗೆ ತುಂಬಿ ಒಬ್ಬ ಶಿಕ್ಷಕನಿಗೆ ಒಪ್ಪಿಸಿತು. ಬಿಸಿಯೂಟದ ಲೆಕ್ಕ, ಮತದಾರರ ಯಾದಿಯ ಕೆಲಸವೂ ಅವನ ಕೊರಳಿಗೇ. ಎರಡು ಯಂತ್ರ ನೋಡುವವನಿಗೆ ನಾಲ್ಕು ಹಚ್ಚಿದರೆ ನೂಲು ಹರಿಯುತ್ತದೆಂದು ಗಿರಣಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ದಂಡ ಕಾರ್ಮಿಕನಿಗೆ, ಇಲ್ಲಿ ಮಗುವಿಗೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನೇ ಕೇಂದ್ರವಾಗಿಟ್ಟು ಕಲಿಸಿರೆನ್ನುತ್ತದೆ. ಅದೇ ಕಾಯ್ದೆ, 60 ಮಕ್ಕಳವರೆಗೆ ಐದು ಇಯತ್ತೆಗೆ ಇಬ್ಬರೇ ಶಿಕ್ಷಕರು ಸಾಕೆನ್ನುತ್ತದೆ! ಹಣವಂತರು ತಮ್ಮ ಮಕ್ಕಳ ಶಾಲೆಯಲ್ಲಿ ಈ ಲೆಕ್ಕ ಒಪ್ಪುವರೇ?

ಸಾಲ ಮಾಡಿ ಖಾಸಗಿ ಶಾಲೆಗೆ ಓಡಬೇಡಿರಿ. ಶಾಲಾ ಅಭಿವೃದ್ಧಿ ಸಮಿತಿಯ ಸಭೆಗೆ ನಡೆಯಿರಿ. ಆಟ ನಿಲ್ಲಿಸಿರೆಂದು ಕೇಳಬೇಡಿರಿ. ಇಯತ್ತೆಗೊಬ್ಬ ಶಿಕ್ಷಕನನ್ನು ಕೇಳಿರಿ. ಒಬ್ಬೊಬ್ಬರೇ ಕೇಳಿದರೆ ಬೇಡಿಕೆ, ಕೂಡಿ ಕೇಳಿದರೆ ಹಕ್ಕು.