ಸೃಷ್ಟಿಯು ಕೊಡುಗೆಯೆಂಬ ವಿಚಾರವೂ ಉಪಾಧ್ಯಾಯರ ಧ್ಯಾನಕೂಟವೂ

ರಜೆಯ ದಿನಗಳಲ್ಲಿ ವಿದ್ವಾಂಸರೂ ಉಪಾಧ್ಯಾಯರೂ ಊರಿನ ಗದ್ದಲವನ್ನು ಬಿಟ್ಟು ಒಂದೆಡೆ ಕೂಡಿ, ಮೌನ, ಪ್ರಾರ್ಥನೆ, ಓದು, ಚರ್ಚೆ ಇವುಗಳಲ್ಲಿ ಕಾಲ ಕಳೆಯುವ ಧ್ಯಾನಕೂಟಗಳನ್ನು ನಮ್ಮ ಓದುಗರು ಬಲ್ಲರು. ಅಂಥ ಕೂಟಗಳಿಗೆ ತಕ್ಕ ವಿಷಯಗಳಲ್ಲಿ ಸೃಷ್ಟಿಯೆಲ್ಲವೂ ಕೊಡುಗೆಯೆಂಬ ತತ್ತ್ವವು ಒಂದು. 2015 ರಲ್ಲಿ ಪೋಪ್ ಫ್ರಾನ್ಸಿಸರು ‘ಲೌದಾತೊ ಸೀ’ ಎಂಬ ಪತ್ರದಲ್ಲಿ ಭೂಮಿಯ ಪಾಲನೆಯನ್ನು ಈ ತತ್ತ್ವದೊಡನೆ ಸೇರಿಸಿ ಬರೆದ ಮೇಲೆ ಇದರ ಮಾತು ಸಭೆಯ ಹೊರಗೂ ಹಬ್ಬಿತು. ಗಣಿತವನ್ನೂ ಭೂಗೋಳವನ್ನೂ ಕಲಿಸತಕ್ಕವರಿಗೆ ಇದರಿಂದೇನು ಪ್ರಯೋಜನವೆಂದು ಪಾಲಕರು ಕೇಳುವದು ಸಹಜವೇ. ಪ್ರಯೋಜನವುಂಟೆಂದೂ, ಅದು ನಮ್ಮಂಥ ಶಾಲೆಗಳ ಒಂದು ಹಳೆಯ ವಾಡಿಕೆಯನ್ನು ಮುಟ್ಟುವದೆಂದೂ ನಮ್ಮ ಅಭಿಪ್ರಾಯ.

ಧ್ಯಾನಕೂಟಕ್ಕೂ ಈ ವಿಷಯಕ್ಕೂ ಇರುವ ನಂಟು ಹಳೆಯದು. ಲೊಯೋಲದ ಇಗ್ನೇಷಿಯಸರ ‘ಆತ್ಮಿಕ ಸಾಧನೆಗಳು’ ಎಂಬ ಗ್ರಂಥವು 1548 ರಲ್ಲಿ ಅಚ್ಚಾಯಿತು. ಸುಮಾರು 30 ದಿನಗಳ ಏಕಾಂತವನ್ನು 4 ವಾರಗಳಾಗಿ ವಿಂಗಡಿಸಿದ ಆ ಕ್ರಮದ ಕಡೆಯ ಧ್ಯಾನ ಯಾವದೆಂದರೆ, ತಾನು ಪಡೆದುಕೊಂಡವುಗಳನ್ನು ಸೃಷ್ಟಿಯಿಂದ ಮೊದಲ್ಗೊಂಡು ನೆನೆಯುವದು. ಇಗ್ನೇಷಿಯಸರು ನಮ್ಮ ಮಿಶನಿನ ಸಂಪ್ರದಾಯದವರಲ್ಲ. ಆದರೂ ಒಳ್ಳೆಯ ಪಾಠಕ್ರಮವನ್ನು ಕಂಡರೆ ಉಪಾಧ್ಯಾಯಿನಿಯು ಬಿಡುವಳೇ? ವಿದ್ವತ್ಸಭೆಯಲ್ಲಿ ತನ್ನ ಪ್ರಬಂಧವನ್ನು ಓದಿ ಮುಗಿಸಿದವನು ಗಡಿಯಾರವನ್ನು ನೋಡಿ ಎದ್ದು ಹೋಗಬಹುದು; ಧ್ಯಾನಕೂಟದಲ್ಲಿಯಾದರೋ ಹಗಲು ಕೇಳಿದ ಮಾತಿನೊಡನೆ ರಾತ್ರಿಯನ್ನೂ ಕಳೆಯಬೇಕಾಗುವದು.

ಕೊಡುಗೆಯೆಂದರೇನು? ಇಲ್ಲಿ ನಮ್ಮ ಕನ್ನಡವೇ ಒಳ್ಳೆಯ ಗುರು. ವರವೆಂದೊಡನೆ ತಪಸ್ಸಿಗೆ ಮೆಚ್ಚಿ ಕೊಟ್ಟದ್ದೆಂಬ ಭಾವನೆ ಹುಟ್ಟುವದು. ದಾನವೆಂದರೆ ಕೊಡುವವನಿಗೆ ಪುಣ್ಯ, ತೆಗೆದುಕೊಳ್ಳುವವನಿಗೆ ತಗ್ಗಿದ ಕೈ. ಉಡುಗೊರೆಯನ್ನು ಕೊಡಬೇಕಾದರೆ ಅದನ್ನು ಉಡತಕ್ಕವಳೊಬ್ಬಳು ಮೊದಲೇ ಇರಬೇಕು. ಸೃಷ್ಟಿಯಲ್ಲಿಯೋ ಪಡೆಯುವವಳು ಸಹ ಕೊಡುಗೆಯ ಒಳಗೇ ಸೇರಿದ್ದಾಳೆ. 13ನೆಯ ಶತಮಾನದ ತೋಮಸ್ ಅಕ್ವೀನರು ಸೃಷ್ಟಿಯನ್ನು ಮಾರ್ಪಾಡೆಂದು ಕರೆಯಲೊಪ್ಪಲಿಲ್ಲ. ಮಾರ್ಪಡಬೇಕಾದರೆ ಮುಂಚೆ ಏನಾದರೊಂದು ಇರಬೇಕಷ್ಟೆ. ಕುಂಬಾರನಿಗೆ ಮಣ್ಣುಂಟು, ಸೃಷ್ಟಿಕರ್ತನಿಗೆ ಮಣ್ಣೂ ಇರಲಿಲ್ಲ. ಆದಕಾರಣ ಸೃಷ್ಟಿಯೆಂಬದು ಎಂದೋ ನಡೆದುಹೋದ ಕೆಲಸ ಮಾತ್ರವಾಗಿರದೆ, ನಾವು ಇರುವ ಪ್ರತಿ ಗಳಿಗೆಯೂ ಆತನನ್ನು ಆಶ್ರಯಿಸಿರುವ ಸಂಬಂಧವಾಗಿದೆ.

ಇನ್ನು ಮುಯ್ಯಿ. ಮದುವೆಯ ಮನೆಯಲ್ಲಿ ಒಬ್ಬರು ಕುಳಿತು, ಯಾರ ಮುಯ್ಯಿ ಎಷ್ಟೆಂದು ಪುಸ್ತಕದಲ್ಲಿ ಬರೆದುಕೊಳ್ಳುವದನ್ನು ನೋಡದವರಾರು? ಅವರ ಮನೆಯ ಮದುವೆಯಲ್ಲಿ ಅದು, ಆದರೆ ಸ್ವಲ್ಪ ಹೆಚ್ಚಾಗಿಯೇ, ಹಿಂದಿರುಗಬೇಕು. ಫ್ರಾನ್ಸಿನ ಮಾರ್ಸೆಲ್ ಮೋಸ್ ಎಂಬವರು 1925 ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಶಾಂತಸಾಗರದ ದ್ವೀಪಗಳಿಂದ ಹಿಡಿದು ಮಹಾಭಾರತದ ಅನುಶಾಸನ ಪರ್ವದ ವರೆಗೆ ಉದಾಹರಣೆಗಳನ್ನು ಕೂಡಿಸಿ, ಕೊಡುವದು, ತೆಗೆದುಕೊಳ್ಳುವದು, ಹಿಂದಿರುಗಿಸುವದು ಇವು ಮೂರೂ ಕಟ್ಟುಪಾಡುಗಳೆಂದು ತೋರಿಸಿದರು. ನಮ್ಮ ಮುಯ್ಯಿಯ ಪುಸ್ತಕವನ್ನು ಕಂಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ! ಜಾಕ್ ದೆರಿದಾ ಅವರು 1991 ರ ತಮ್ಮ ಗ್ರಂಥದಲ್ಲಿ ಇನ್ನೂ ಮುಂದೆ ಹೋಗಿ, ಕೊಡುಗೆಯನ್ನು ಕೊಡುಗೆಯೆಂದು ಗುರುತಿಸಿದೊಡನೆ ಸಾಲವು ಹುಟ್ಟುವದರಿಂದ ನಿಜವಾದ ಕೊಡುಗೆಯು ಅಸಾಧ್ಯವೆಂಬಂತೆ ವಾದಿಸಿದರು. ಮನುಷ್ಯರ ಸಂಗತಿಯಲ್ಲಿ ಈ ವಾದವನ್ನು ತಳ್ಳಿಹಾಕುವದು ಸುಲಭವಲ್ಲ. ಆದರೆ ಯಾವ ಕೊರತೆಯೂ ಇಲ್ಲದ ಕರ್ತನಿಗೆ ನಾವು ಏನನ್ನು ತೀರಿಸುವದು? ತೀರಿಸಬೇಕೆಂಬ ಯೋಚನೆಯೇ ಅಲ್ಲಿ ಸಲ್ಲದು. ಪಡೆದದ್ದನ್ನು ಪಡೆದದ್ದೆಂದು ಒಪ್ಪಿ ಹರ್ಷದಿಂದ ಬಳಸುವದೇ ಅಲ್ಲಿ ಕೃತಜ್ಞತೆ.

ಈಗ ಶಾಲೆಯ ಮಾತಿಗೆ ಬರೋಣ. ಶುಲ್ಕವಿಲ್ಲದೆ ಓದಿದ ಹಿಂದಿನ ವಿದ್ಯಾರ್ಥಿನಿಯರು ಕೆಲವರು ಇದನ್ನು ಓದುತ್ತಿರುವರು. ವಾರ್ಷಿಕೋತ್ಸವದಲ್ಲಿ ಬಡ ಹುಡುಗಿಯರನ್ನು ದಾನಿಗಳೆದುರಿಗೆ ಹೆಸರು ಹಿಡಿದು ಕರೆದು, ಕೈಮುಗಿಸಿ, ಭಾವಚಿತ್ರ ತೆಗೆಯಿಸುವ ವಾಡಿಕೆ ಕೆಲವು ಶಾಲೆಗಳಲ್ಲಿ ಉಂಟು. ಪಕ್ಕದ ಬೆಂಚಿನವಳಿಗೆ ಆ ದಿನದಿಂದ ಆಕೆ ಬೇರೆಯಾಗಿ ಕಾಣುವಳು. ಮನೆಯಲ್ಲಿಯಾದರೂ ಏನು? ‘ನಿನ್ನನ್ನು ಇಷ್ಟು ಓದಿಸಿದೆವಲ್ಲಾ’ ಎಂಬ ಒಂದೇ ಮಾತಿಗೆ ಒಲ್ಲದ ಮದುವೆಗೆ ತಲೆಬಾಗಿದ ಹೆಣ್ಣುಮಕ್ಕಳಿದ್ದಾರೆ. ವರದಕ್ಷಿಣೆಯನ್ನು 1961 ರ ಕಾಯಿದೆಯು ನಿಷೇಧಿಸಿದೆ. ಅದು ಉಡುಗೊರೆಯೆಂಬ ಹೆಸರಿನಲ್ಲಿ ಮನೆಯೊಳಗೆ ಬರುವದನ್ನು ಎಲ್ಲರೂ ಬಲ್ಲರು. ಸೃಷ್ಟಿಯನ್ನು ಕೊಡುಗೆಯೆಂದು ಹಾಡುವ ಬಾಯಿಯೇ ಮಗಳ ವಿದ್ಯೆಯನ್ನು ಸಾಲವೆಂದು ಎಣಿಸುವದಾದರೆ ತತ್ತ್ವವು ಎದೆಗೆ ಇಳಿಯಲಿಲ್ಲವೆಂದೇ ಹೇಳಬೇಕು. ಈ ವಿಷಯದ ಚರ್ಚೆಗಳಲ್ಲಿ ಕೊಡುವಾತನ ಮಹಿಮೆಯನ್ನು ಬಹಳ ಹೇಳುತ್ತಾರೆ, ಪಡೆಯುವವಳ ಮಾನವನ್ನು ಕುರಿತು ಮಾತು ಕಡಿಮೆ. ಇದು ನಮ್ಮ ಆಕ್ಷೇಪಣೆ. ಹೆಸರು ಓದದಿದ್ದರೆ, ಹುಡುಗಿಯರನ್ನು ನಿಲ್ಲಿಸದಿದ್ದರೆ, ದಾನಿಗಳು ಕೈ ಹಿಂತೆಗೆಯುವರೆಂದು ಕೆಲವರ ಭಯ. ಕೆಲವರು ಹಿಂತೆಗೆಯಲೂಬಹುದು. ಆ ನಷ್ಟವನ್ನು ತಾಳಿಕೊಳ್ಳುವದೇ ಮೇಲೆಂದು ನಮ್ಮ ಎಣಿಕೆ.

ಮುಂದಿನ ವರ್ಷ ಶಾಲೆ ತೆರೆಯುವದಕ್ಕೆ ಮುಂಚೆ ನಮ್ಮ ಉಪಾಧ್ಯಾಯಿನಿಯರಿಗಾಗಿ ಮೂರು ದಿನಗಳ ಧ್ಯಾನಕೂಟವನ್ನು ನಡಿಸಬೇಕೆಂದಿರುತ್ತೇವೆ. ಮೊದಲನೆಯ ದಿನ ಮೌನ. ಎರಡನೆಯ ದಿನ ಮೇಲ್ಕಂಡ ಗ್ರಂಥಗಳಿಂದ ಆಯ್ದ ಭಾಗಗಳ ಓದು. ಮೂರನೆಯ ದಿನ, ವಿದ್ಯಾರ್ಥಿವೇತನವನ್ನು ಯಾವ ರೀತಿಯಲ್ಲಿ ಕೊಡತಕ್ಕದ್ದೆಂಬದನ್ನು ಗೊತ್ತುಮಾಡುವದು. ಆ ಕೊನೆಯ ದಿನಕ್ಕೆ ಪಾಲಕರೂ ಹಿಂದಿನ ವಿದ್ಯಾರ್ಥಿನಿಯರೂ ಬಂದು ತಮ್ಮ ಅಭಿಪ್ರಾಯವನ್ನು ನಿಸ್ಸಂಕೋಚವಾಗಿ ಹೇಳಬೇಕೆಂದು ಬಿನ್ನಹ. ಯಾರು ಶುಲ್ಕ ಕೊಟ್ಟು ಓದಿದರು, ಯಾರು ಕೊಡದೆ ಓದಿದರು ಎಂದು ಅಲ್ಲಿ ಯಾರನ್ನೂ ಕೇಳುವದಿಲ್ಲ. ಮಧ್ಯಾಹ್ನದ ಊಟದ ಏರ್ಪಾಡು ವಸತಿಗೃಹದಲ್ಲಿ ಇರುವದು.