ಮಂಕಾದ ಅಂಗಿಯನ್ನು ಕಂಡು ನಗುವ ಮುನ್ನ

ಮಕ್ಕಳೇ, ಹೀಗೊಂದು ದೃಶ್ಯವನ್ನು ಊಹಿಸಿಕೊಳ್ಳಿ. ದಾವಣಗೆರೆಯಲ್ಲಿ ಜಿಲ್ಲಾ ಮಟ್ಟದ ಪ್ರತಿಭಾ ಕಾರಂಜಿ ನಡೆಯುತ್ತಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಂದ ಬಂದ ನಾಲ್ವರು ಒಂದೇ ಸಾಲಿನಲ್ಲಿ ನಿಂತಿದ್ದಾರೆ. ನಾಲ್ವರೂ ಸರ್ಕಾರಿ ಶಾಲೆಯ ಮಕ್ಕಳು. ನಾಲ್ವರಿಗೂ ಸಮವಸ್ತ್ರ ಸಿಕ್ಕಿದ್ದು ಒಂದೇ ವರ್ಷ. ಆದರೂ ಹೊನ್ನಾಳಿಯ ಹುಡುಗನ ಅಂಗಿ ಇನ್ನೂ ಹೊಸದರಂತಿದೆ. ಜಗಳೂರಿನ ಹುಡುಗಿಯ ಅಂಗಿ ಮಂಕಾಗಿದೆ, ಮುಟ್ಟಿದರೆ ಒರಟು. ಹಿಂದಿನಿಂದ ಯಾರೋ, "ನಿಮ್ಮನೇಲಿ ಬಟ್ಟೆ ಒಗೆಯಲ್ವಾ?" ಎಂದು ಕಿಸಕ್ಕನೆ ನಗುತ್ತಾರೆ. ಹುಡುಗಿ ತಲೆ ತಗ್ಗಿಸುತ್ತಾಳೆ. ಹಾಡಬೇಕಾದ ಹಾಡು ಗಂಟಲಲ್ಲೇ ನಿಲ್ಲುತ್ತದೆ.

ನಿಜ ಏನು ಗೊತ್ತೆ? ಆ ಅಂಗಿಯನ್ನು ಅವಳ ಅಮ್ಮ ಉಳಿದ ಮೂವರ ಮನೆಯವರಿಗಿಂತ ಹೆಚ್ಚು ಸೋಪು ಹಾಕಿ, ಹೆಚ್ಚು ಹೊತ್ತು ಉಜ್ಜಿ ಒಗೆದಿರಬಹುದು. ತಪ್ಪು ಅಮ್ಮನದಲ್ಲ, ಮಗಳದೂ ಅಲ್ಲ. ಅದು ನೀರಿನ ಗುಣ. ಬಟ್ಟೆ ಅಂದವಾಗಿ ಉಳಿಯಬೇಕಾದರೆ ಮೊದಲು ತಿಳಿಯಬೇಕಾದದ್ದು ನೀರನ್ನು, ಸೋಪನ್ನಲ್ಲ. ನೀರನ್ನು ತಿಳಿದವರು ಇನ್ನೊಬ್ಬರ ಮಂಕಾದ ಅಂಗಿಯನ್ನು ಕಂಡು ನಗುವುದಿಲ್ಲ. ಇದು ನನ್ನ ಅಭಿಪ್ರಾಯ. ಹೇಗೆಂದು ನೋಡೋಣ ಬನ್ನಿ.

ಸೋಪು ಮಾಡುವ ಕೆಲಸ

ನಮ್ಮ ಬಟ್ಟೆಯ ಕೊಳೆ ಬರಿಯ ಧೂಳಲ್ಲ. ಮೈಯ ಬೆವರು, ಎಣ್ಣೆಯ ಜಿಡ್ಡು ಎರಡೂ ಅದರಲ್ಲಿ ಸೇರಿರುತ್ತವೆ. ಕಾಲರ್ ಪಟ್ಟಿಯನ್ನು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಜಿಡ್ಡು ನೀರಿನಲ್ಲಿ ಕರಗುವುದಿಲ್ಲ. ಸೋಪಿನ ಕಣಕ್ಕೆ ಎರಡು ತುದಿಗಳಿವೆ. ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು ಹಿಡಿಯುತ್ತದೆ. ನಾವು ಉಜ್ಜಿ, ಅಲುಬಿದಾಗ ಜಿಡ್ಡು ಬಟ್ಟೆಯನ್ನು ಬಿಟ್ಟು ನೀರಿನೊಂದಿಗೆ ಹೊರಟುಹೋಗುತ್ತದೆ.

ಆದರೆ ಎಲ್ಲ ನೀರಿನಲ್ಲೂ ಸೋಪು ಈ ಕೆಲಸವನ್ನು ಸರಿಯಾಗಿ ಮಾಡಲಾರದು. ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿದ್ದರೆ ಅದು ಗಡಸು ನೀರು. ಗಡಸು ನೀರಿಗೆ ಬಿದ್ದ ಸೋಪು ಜಿಡ್ಡನ್ನು ಹಿಡಿಯುವ ಮೊದಲೇ ಈ ಲವಣಗಳ ಜೊತೆ ಸೇರಿಬಿಡುತ್ತದೆ. ನೊರೆಯ ಬದಲು ಒಡೆದ ಹಾಲಿನಂಥ ಬಿಳಿ ಗಸಿ ಬರುತ್ತದೆ. ಈ ಗಸಿ ನೀರಿನಲ್ಲಿ ಕರಗುವುದಿಲ್ಲ. ಬಟ್ಟೆಯ ಎಳೆಗಳ ನಡುವೆ ಕುಳಿತು ಒಣಗುತ್ತದೆ. ಒಗೆದಷ್ಟೂ ಅದು ಪದರ ಪದರವಾಗಿ ಸೇರುತ್ತಾ ಹೋಗುತ್ತದೆ. ಅಂಗಿ ಮಂಕಾಗುವುದಕ್ಕೆ, ಒರಟಾಗುವುದಕ್ಕೆ ಇದೊಂದು ಮುಖ್ಯ ಕಾರಣ. "ಕೊಳೆ ಹೋಗಲಿಲ್ಲ" ಎಂದು ಇನ್ನಷ್ಟು ಸೋಪು ಹಾಕಿದರೆ ಇನ್ನಷ್ಟು ಗಸಿ! ಕಲ್ಲಿಗೆ ಇನ್ನಷ್ಟು ಬಡಿದರೆ ಎಳೆ ಸವೆದು ಬಟ್ಟೆ ಬೇಗ ಹರಿಯುತ್ತದೆ.

ನಾಲ್ಕು ತಾಲ್ಲೂಕು, ಹಲವು ಬಗೆಯ ನೀರು

ಮಳೆಯ ನೀರಿನಲ್ಲಿ ಲವಣಗಳು ಇಲ್ಲವೆನ್ನುವಷ್ಟು ಕಡಿಮೆ. ಅದು ಮಣ್ಣಿಗೆ ಇಳಿಯುವಾಗ ಇಂಗಾಲದ ಡೈ ಆಕ್ಸೈಡನ್ನು ಸೇರಿಸಿಕೊಂಡು ತುಸು ಆಮ್ಲೀಯವಾಗುತ್ತದೆ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಾಗ ಕಲ್ಲಿನ ಲವಣಗಳನ್ನು ಕರಗಿಸಿಕೊಳ್ಳುತ್ತದೆ.

ಹೊನ್ನಾಳಿಯ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯನ್ನು ನೋಡಿ. ತುಂಗಾ ಮತ್ತು ಭದ್ರಾ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಕೂಡ್ಲಿಯಲ್ಲಿ ಸೇರಿ ಇಲ್ಲಿಗೆ ಬರುತ್ತವೆ. ಅದು ಬಹುಪಾಲು ಘಟ್ಟದ ಮಳೆಯ ನೀರು. ಕಲ್ಲಿನೊಳಗೆ ನಿಂತ ನೀರಿಗಿಂತ ಮೃದು. ಸೋಪು ಬೇಗ ನೊರೆಗಟ್ಟುತ್ತದೆ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ ಕೆರೆಯೂ ಮೇಲ್ಮೈ ನೀರಿನ ಸಂಗ್ರಹವೇ. ಆದರೆ ಜಗಳೂರು ಒಣ ಸೀಮೆ. ಮಳೆ ಕಡಿಮೆ, ಬರ ಹೆಚ್ಚು. ಬಹಳ ಹಳ್ಳಿಗಳಿಗೆ ಆಳದ ಕೊಳವೆಬಾವಿಯೇ ಆಧಾರ. ಅಂಥ ನೀರು ಗಡಸಾಗಿರುವ ಸಂಭವ ಹೆಚ್ಚು.

ಹಾಗೆಂದು ಹೊನ್ನಾಳಿಯವರು ಬೀಗಬೇಕಾಗಿಲ್ಲ! ಹೊನ್ನಾಳಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ನ್ಯಾಮತಿಯಲ್ಲೂ, ಹೊನ್ನಾಳಿ, ಚನ್ನಗಿರಿಗಳಲ್ಲೂ ಬೋರ್ ನೀರನ್ನೇ ಬಳಸುವ ಹಳ್ಳಿ, ತಾಂಡಾಗಳಿವೆ. ಒಂದೇ ಊರಿನ ಎರಡು ಬೋರ್‌ಗಳ ನೀರೂ ಬೇರೆ ಬೇರೆಯಾಗಿರಬಹುದು. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದೆಯೇ? ಹಾಗಿದ್ದರೆ ನಿಮ್ಮ ಮನೆಯದೂ ಗಡಸು ನೀರೇ.

ಗಡಸುತನಕ್ಕೂ ಒಂದು ಅಳತೆ ಇದೆ. ಕುಡಿಯುವ ನೀರಿನ ಬಗ್ಗೆ 2012ರಲ್ಲಿ ಪ್ರಕಟವಾದ ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಗಡಸುತನ 200 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಒಪ್ಪಬಹುದು.

ಮಾಡಿ ನೋಡಿ

ಒಂದೇ ಅಳತೆಯ ಮೂರು ಪಾರದರ್ಶಕ ಬಾಟಲಿಗಳನ್ನು ತೆಗೆದುಕೊಳ್ಳಿ. ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಹೊಳೆ ಅಥವಾ ಕೆರೆಯ ನೀರು, ಮತ್ತೊಂದಕ್ಕೆ ಬೋರ್ ನೀರನ್ನು ಸಮನಾಗಿ ಹಾಕಿ. ಪ್ರತಿಯೊಂದಕ್ಕೂ ಮೈಸೋಪಿನ ಸಣ್ಣ ಚೂರನ್ನು ಒಂದೇ ಪ್ರಮಾಣದಲ್ಲಿ ಹಾಕಿ. ಒಗೆಯುವ ಪುಡಿ ಬೇಡ. ಏಕೆಂದು ಮುಂದೆ ಹೇಳುತ್ತೇನೆ. ಮುಚ್ಚಳ ಬಿಗಿದು 20 ಸಲ ಅಲುಗಾಡಿಸಿ. ನೊರೆಯ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳಿ. ಯಾವುದರಲ್ಲಿ ನೊರೆ ಕಡಿಮೆ, ಗಸಿ ಹೆಚ್ಚು? ಅದೇ ಹೆಚ್ಚು ಗಡಸು.

ಒಂದು ಎಚ್ಚರಿಕೆ. ನೊರೆ ಚೆನ್ನಾಗಿ ಬಂದ ಮಾತ್ರಕ್ಕೆ ಆ ನೀರು ಕುಡಿಯಲು ಯೋಗ್ಯ ಎಂದಲ್ಲ. ಫ್ಲೋರೈಡ್ ಆಗಲಿ, ರೋಗಾಣುಗಳಾಗಲಿ ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ.

ದುಬಾರಿ ಪುಡಿ ಕೊಂಡರೆ ಸಾಲದೇ?

ಹೀಗೆ ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸ್ವಲ್ಪ ಸತ್ಯವೂ ಇದೆ. ಒಗೆಯುವ ಪುಡಿಯಲ್ಲಿರುವುದು ಸೋಪಲ್ಲ, ಡಿಟರ್ಜೆಂಟ್. ಅದು ಗಡಸು ನೀರಿನಲ್ಲೂ ಹೀಗೆ ಗಸಿಗಟ್ಟುವುದಿಲ್ಲ. ಆದರೆ ಹೆಚ್ಚು ಪುಡಿ ಹಾಕಿದರೆ ಅದನ್ನು ತೆಗೆಯಲು ಹೆಚ್ಚು ಸಲ ಅಲುಬಬೇಕು. ಕೊಡ ನೀರಿಗೂ ಕಾಯುವ ಊರಿನಲ್ಲಿ ಅದು ಸುಲಭವೇ? ಸರಿಯಾಗಿ ಅಲುಬದಿದ್ದರೆ ಮೈ ತುರಿಕೆ ಬೇರೆ.

ಇನ್ನೊಂದು ಗುಟ್ಟು ಕೇಳಿ. ಅನೇಕ ಪುಡಿಗಳಲ್ಲಿ ಹೊಳಪು ಕೊಡುವ ರಾಸಾಯನಿಕ ಇರುತ್ತದೆ. ಅದು ಬಿಸಿಲಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕನ್ನು ಸೂಸುತ್ತದೆ. ಆಗ ಬಟ್ಟೆ ಹೆಚ್ಚು ಬೆಳ್ಳಗೆ ಕಾಣುತ್ತದೆ. ಕೊಳೆ ಹೋದದ್ದರಿಂದ ಬಂದ ಬಿಳುಪಲ್ಲ ಇದು! ಜಾಹೀರಾತುಗಳು ನಮಗೆ ಹೊಳಪನ್ನು ತೋರಿಸಿ ಅದನ್ನೇ ಶುಚಿ ಎನ್ನುತ್ತವೆ. ಹೊಳಪು ಬೇರೆ, ಶುಚಿ ಬೇರೆ. ಮಂಕಾದ ಅಂಗಿಯೂ ಚೆನ್ನಾಗಿ ಒಗೆದು ಬಿಸಿಲಿಗೆ ಒಣಗಿಸಿದ್ದಾದರೆ ಶುಚಿಯಾದ ಅಂಗಿಯೇ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ಮಳೆನೀರು. ಒಂದು ಚದರ ಮೀಟರ್ ಮಾಡಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 20 ಚದರ ಮೀಟರ್ ಮಾಡಿನ ಮೇಲೆ 10 ಮಿಲಿಮೀಟರ್ ಬಿದ್ದರೆ 200 ಲೀಟರ್. ಅರ್ಧ ವ್ಯರ್ಥವಾದರೂ 100 ಲೀಟರ್ ಸಿಕ್ಕಿತು! ಮೊದಲ ಮಳೆಯಲ್ಲಿ ಮಾಡಿನ ಧೂಳು ತೊಳೆದುಹೋಗಲಿ. ಆಮೇಲೆ ಹಿಡಿದಿಟ್ಟುಕೊಳ್ಳಿ. ಸೊಳ್ಳೆ ಬಾರದಂತೆ ಮುಚ್ಚಿಡಿ.

ಎರಡನೆಯದು, ವಾಷಿಂಗ್ ಸೋಡಾ. ಇದು ಅಡುಗೆ ಸೋಡಾ ಅಲ್ಲ. ಒಂದು ಬಕೆಟ್ ಗಡಸು ನೀರಿಗೆ ಒಂದು ಚಮಚ ಹಾಕಿ ಕಲಕಿ ಅರ್ಧ ಗಂಟೆ ಬಿಡಿ. ಲವಣಗಳು ಬಿಳಿ ಪುಡಿಯಾಗಿ ಬೇರೆಯಾಗುತ್ತವೆ. ಮೇಲಿನ ತಿಳಿನೀರಿನಲ್ಲಿ ಒಗೆಯಿರಿ. ಸೋಪು ಉಳಿಯುತ್ತದೆ, ತೋಳಿನ ಶ್ರಮವೂ ಉಳಿಯುತ್ತದೆ. ಇದನ್ನು ದೊಡ್ಡವರ ಜೊತೆಯಲ್ಲೇ ಮಾಡಿ, ಕಣ್ಣಿಗೆ ತಾಗಿಸಬೇಡಿ. ರೇಷ್ಮೆಗೂ ಉಣ್ಣೆಗೂ ಇದು ಬೇಡ. ರೇಷ್ಮೆಗೆ ನಮ್ಮ ಅಜ್ಜಿಯರು ಬಳಸುತ್ತಿದ್ದ ಅಂಟುವಾಳದ ಕಾಯಿಯೇ ಮೇಲು. ತಾಂಡಾದ ಅಜ್ಜಿಯರ ಕನ್ನಡಿ, ಕವಡೆ ಹೊಲಿದ ಉಡುಪನ್ನಂತೂ ಕಲ್ಲಿಗೆ ಬಡಿಯಲೇಬಾರದು.

ಮೂರನೆಯದು, ಕರೆಯ ಗುಣ ತಿಳಿಯುವುದು. ಚನ್ನಗಿರಿಯ ಮಕ್ಕಳಿಗೆ ಅಡಿಕೆ ಕರೆ ಹೊಸದಲ್ಲ. ಹಸಿ ಅಡಿಕೆಯ ಚೊಗರು ತಾಗಿದ ಕೂಡಲೇ ಬರಿಯ ತಣ್ಣೀರಿನಲ್ಲಿ ತೊಳೆಯಿರಿ. ಮೊದಲೇ ಸೋಪು ಹಚ್ಚಬೇಡಿ. ಎಲೆ ಅಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುವುದನ್ನು ನೋಡಿದ್ದೀರಲ್ಲ? ಸುಣ್ಣದ ಹಾಗೆ ಸೋಪೂ ಕ್ಷಾರ. ಅದು ತಾಗಿದರೆ ಕರೆ ಇನ್ನಷ್ಟು ಗಾಢವಾಗಬಹುದು. ಇದೇ ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುವವರೂ ಮಲೆನಾಡಿನಲ್ಲಿ ಇದ್ದಾರೆ. ಅಂದಮೇಲೆ ಅದು ಸುಲಭವಾಗಿ ಬಿಟ್ಟೀತೇ?

ಇನ್ನು ಒಣಗಿಸುವ ವಿಚಾರ. ಬಣ್ಣದ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಒಣಹಾಕಿ. ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ, ಹೊರಮೈಯ ಬಣ್ಣವೂ ಉಳಿಯುತ್ತದೆ.

ಒಂದು ಮಾತು ಮರೆಯಬೇಡಿ. ಮೃದು ನೀರು ಸಿಗುತ್ತದೆಂದು ಹೊಳೆ, ಕೆರೆಗಳಲ್ಲೇ ಬಟ್ಟೆ ಒಗೆಯುವುದು ಸರಿಯಲ್ಲ. ಹೊನ್ನಾಳಿಯಲ್ಲಿ ಬಿಟ್ಟ ನೊರೆ ಹರಿಹರದ ಕಡೆಗೇ ಹರಿಯುತ್ತದೆ. ಶಾಂತಿಸಾಗರದ ನೀರನ್ನು ದೂರದ ಚಿತ್ರದುರ್ಗದವರೂ ಕುಡಿಯುತ್ತಾರೆ. ಕೆಲವು ಪುಡಿಗಳಲ್ಲಿರುವ ಫಾಸ್ಫೇಟ್ ಕೆರೆಯಲ್ಲಿ ಪಾಚಿಯನ್ನು ಬೆಳೆಸುತ್ತದೆ. ಬಕೆಟ್‌ನಲ್ಲಿ ನೀರು ತಂದು ದಡದಿಂದ ದೂರ ಒಗೆಯಿರಿ.

ಕೊನೆಯದಾಗಿ

ಬಟ್ಟೆ ಒಗೆಯುವುದು ಕೀಳು ಕೆಲಸವಲ್ಲ. ಶರಣರ ಬಟ್ಟೆಯನ್ನು ಮಡಿ ಮಾಡುತ್ತಿದ್ದ 12ನೇ ಶತಮಾನದ ಮಡಿವಾಳ ಮಾಚಿದೇವರನ್ನು ನಾವು ಇಂದಿಗೂ ಗೌರವದಿಂದ ನೆನೆಯುತ್ತೇವೆ. ಅದು ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಾದ ಕೆಲಸವೂ ಅಲ್ಲ. ಹುಡುಗರೇ, ನಿಮ್ಮ ಅಂಗಿಯನ್ನು ಈ ಭಾನುವಾರ ನೀವೇ ಒಗೆದು ನೋಡಿ. ಗಡಸು ನೀರಿನಲ್ಲಿ ಒಗೆಯುವ ಅಮ್ಮನ, ಅಕ್ಕನ ತೋಳಿನ ನೋವು ಆಗ ಅರ್ಥವಾಗುತ್ತದೆ.

ಪ್ರತಿ ಶಾಲೆಯಲ್ಲೂ ಮಕ್ಕಳೇ ತಮ್ಮ ಊರಿನ ನೀರನ್ನು ಪರೀಕ್ಷಿಸಿ, ನೊರೆಯ ಅಳತೆಯನ್ನು ಫಲಕದ ಮೇಲೆ ಬರೆಯಬೇಕು. ಗುರುಗಳು ಸಮವಸ್ತ್ರದ ಶುಚಿಯನ್ನು ನೋಡುವಾಗ ಆ ಫಲಕದ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು. ಮುಂದಿನ ಪ್ರತಿಭಾ ಕಾರಂಜಿಯಲ್ಲಿ ಮಂಕಾದ ಅಂಗಿ ತೊಟ್ಟವರು ಪಕ್ಕದಲ್ಲಿ ನಿಂತರೆ ನೀವು ಏನು ಕೇಳುತ್ತೀರಿ? "ನಿಮ್ಮನೇಲಿ ಬಟ್ಟೆ ಒಗೆಯಲ್ವಾ?" ಎಂದಲ್ಲ. "ನಿಮ್ಮೂರಲ್ಲಿ ಯಾವ ನೀರು?" ಎಂದು ಕೇಳಿ. ವಿಜ್ಞಾನ ಓದಿದವರು ಕೇಳುವ ಪ್ರಶ್ನೆ ಅದು. ಅಲ್ಲವೇ?