ಮಾತ್ರೆಯೆಂದರೆ ಅಳತೆ

ಮಾತ್ರೆ ಎಂಬ ಶಬ್ದ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಛಂದಸ್ಸನ್ನು ಓದುವ ವಿದ್ಯಾರ್ಥಿಗೆ ಅದು ಅಕ್ಷರವನ್ನು ಉಚ್ಚರಿಸುವ ಕಾಲದ ಅಳತೆ. ಲಘುವಿಗೆ ಒಂದು, ಗುರುವಿಗೆ ಎರಡು. ಜ್ವರದಿಂದ ಮಲಗಿದವನಿಗೆ ಅದು ನುಂಗುವ ಗುಳಿಗೆ. ಮೂಲದಲ್ಲಿ ಈ ಶಬ್ದಕ್ಕೆ ಅಳತೆಯೆಂದೇ ಅರ್ಥ. ಅಳತೆ ತಪ್ಪಿದ ಪದ್ಯ ಎಡವುತ್ತದೆ. ಅಳತೆ ತಪ್ಪಿದ ಔಷಧ ಪ್ರಾಣಕ್ಕೇ ಎರವಾಗಬಹುದು.

ಆದರೆ ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಅಳತೆಗೆ ಸಲ್ಲಬೇಕಾದ ಗೌರವ ಸಲ್ಲುತ್ತಿದೆಯೆ? ಆಮ್ಲ-ಪ್ರತ್ಯಾಮ್ಲಗಳ ಅನುಮಾಪನ ವಿಜ್ಞಾನದ ವಿದ್ಯಾರ್ಥಿಗೆ ಚಿರಪರಿಚಿತ. ಬ್ಯೂರೆಟ್ಟಿನಲ್ಲಿ ಕ್ಷಾರ, ಫ್ಲಾಸ್ಕಿನಲ್ಲಿ ಆಮ್ಲ. ಬಣ್ಣ ತಿರುಗಿದೊಡನೆ ಅಂಕಿಯನ್ನು ಬರೆದುಕೊಂಡರೆ ಕೆಲಸ ಮುಗಿಯಿತು. ಬಂದ ಅಂಕಿ ಬರಬೇಕಾದ ಅಂಕಿಗೆ ಹೊಂದದಿದ್ದರೆ, ಪಕ್ಕದವರ ಪುಸ್ತಕವನ್ನು ನೋಡಿ ತಿದ್ದಿಕೊಳ್ಳುವ ರೂಢಿಯೂ ಉಂಟು. ನಾವು ವಿದ್ಯಾರ್ಥಿಗಳಾಗಿದ್ದಾಗ ಹಾಗೆ ತಿದ್ದಿದವರೇ. ಈಗ ಅದಕ್ಕಾಗಿ ನಾಚುತ್ತೇವೆ. ಆ ತಿದ್ದುಪಡಿ ಎಷ್ಟು ದೊಡ್ಡದೆಂಬುದು ಅಂದು ನಮಗೆ ಹೊಳೆದಿರಲಿಲ್ಲ.

ಸೀಸೆಯಲ್ಲಿರುವ ಆಮ್ಲದ ಬದಲು ಆಸ್ಪಿರಿನ್ ಮಾತ್ರೆಯನ್ನು ಪರೀಕ್ಷಿಸುತ್ತಿದ್ದೇವೆಂದು ಭಾವಿಸೋಣ. ಆಸ್ಪಿರಿನ್ ಎಂಬುದು ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ 1 ಮಿಲಿಲೀಟರು ಸುಮಾರು 18 ಮಿಲಿಗ್ರಾಂ ಆಸ್ಪಿರಿನ್ನನ್ನು ತಟಸ್ಥಗೊಳಿಸುತ್ತದೆ. 300 ಮಿಲಿಗ್ರಾಮಿನ ಸಾದಾ ಮಾತ್ರೆಯನ್ನು ಪುಡಿಮಾಡಿ, ತಣ್ಣನೆಯ ಆಲ್ಕೋಹಾಲಿನಲ್ಲಿ ಕರಗಿಸಿ, ಫಿನಾಲ್ಫ್ಥಲೀನಿನ ಎರಡು ಹನಿ ಹಾಕಿದರೆ, ಸುಮಾರು 16.7 ಮಿಲಿಲೀಟರಿಗೆ ತೆಳುಗುಲಾಬಿ ಬಣ್ಣ ನಿಲ್ಲಬೇಕು.

ನಮ್ಮ ದೇಶದ ಔಷಧಗಳಿಗೆ ಪ್ರಮಾಣಗ್ರಂಥವಾದ ಇಂಡಿಯನ್ ಫಾರ್ಮಕೋಪಿಯದ ಮೊದಲ ಆವೃತ್ತಿ ಹೊರಬಂದದ್ದು 1955ರಲ್ಲಿ. ಆಸ್ಪಿರಿನ್ ಮಾತ್ರೆಯಲ್ಲಿ, ಲೇಬಲ್ಲಿನ ಮೇಲಿರುವ ಪ್ರಮಾಣದ ನೂರಕ್ಕೆ 95ರಿಂದ 105ರಷ್ಟು ಔಷಧವಿರಬೇಕೆಂಬುದು ಅದರ ನಿಯಮ. 300 ಮಿಲಿಗ್ರಾಮಿಗೆ ಇದನ್ನು ಅನ್ವಯಿಸಿದರೆ, 285ಕ್ಕಿಂತ ಕಡಿಮೆಯಾದುದು ತಿರಸ್ಕಾರಕ್ಕೆ ಯೋಗ್ಯ. ನಾವು ಪುಸ್ತಕದಲ್ಲಿ ಸಲೀಸಾಗಿ ತಿದ್ದುವ 1 ಮಿಲಿಲೀಟರು 18 ಮಿಲಿಗ್ರಾಮಿಗೆ ಸಮ. ಎಂದರೆ, ಅದೊಂದೇ ತಿದ್ದುಪಡಿಯಿಂದ ಕಳಪೆ ಮಾತ್ರೆ ಉತ್ತಮವೆನ್ನಿಸಿಕೊಂಡು ರೋಗಿಯ ಕೈ ಸೇರಬಹುದು. ಇಂದಿನ ವಿದ್ಯಾರ್ಥಿಯೇ ನಾಳೆ ಔಷಧ ಪರೀಕ್ಷಾಲಯದಲ್ಲಿ ಕೂರುವವನು.

ಪ್ರಾಮಾಣಿಕವಾಗಿ ಅಳೆದರೆ ಸಾಕೆ? ಸಾಲದು. ತೇವಾಂಶ ತಗುಲಿದ ಹಳೆಯ ಆಸ್ಪಿರಿನ್ ಒಡೆದು ಸ್ಯಾಲಿಸಿಲಿಕ್ ಆಮ್ಲವೂ ಅಸಿಟಿಕ್ ಆಮ್ಲವೂ ಆಗುತ್ತದೆ. ಡಬ್ಬಿಯನ್ನು ತೆರೆದಾಗ ವಿನಿಗರಿನ ವಾಸನೆ ಬರುವುದು ಇದರಿಂದಲೇ. ಒಂದು ಆಮ್ಲವಿದ್ದ ಕಡೆ ಎರಡು ಆಮ್ಲಗಳಾದುದರಿಂದ ಕ್ಷಾರ ಹೆಚ್ಚು ಬೇಕಾಗುತ್ತದೆ. ಮಾತ್ರೆಯ ಹತ್ತನೆಯ ಒಂದು ಭಾಗ ಒಡೆದು, ಅಸಿಟಿಕ್ ಆಮ್ಲ ಆರಿಹೋಗದೆ ಉಳಿದಿದ್ದರೆ, ಬ್ಯೂರೆಟ್ಟು 330 ಮಿಲಿಗ್ರಾಂ ಎನ್ನುತ್ತದೆ. ನಿಜವಾಗಿ ಇರುವುದು 270! ಫೆರಿಕ್ ಕ್ಲೋರೈಡಿನ ಒಂದು ಹನಿ ಹಾಕಿದರೆ ನೇರಳೆ ಬಣ್ಣ ಮೂಡಿ, ಒಡೆದುಹೋದ ಸಂಗತಿಯನ್ನು ತಿಳಿಸುತ್ತದೆ. ಅಂಕಿಯನ್ನು ಗೌರವಿಸುವುದರ ಜೊತೆಗೆ ಅದನ್ನು ಪ್ರಶ್ನಿಸುವುದನ್ನೂ ಕಲಿಯಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ.

ಇನ್ನೊಂದು ಪಾಠ ಇನ್ನೂ ಮುಖ್ಯವಾದುದು. ಫ್ಲಾಸ್ಕಿನಲ್ಲಿ ಮಾತ್ರೆ ಎರಡಾದರೆ ಕ್ಷಾರವೂ ಎರಡರಷ್ಟು, ಅಷ್ಟೆ. ದೇಹದ ಲೆಕ್ಕ ಹೀಗಲ್ಲ. ಆಸ್ಪಿರಿನ್ ದೇಹದೊಳಗೆ ಬೇಗನೆ ಸ್ಯಾಲಿಸಿಲೇಟ್ ಆಗುತ್ತದೆ. ಪ್ರಮಾಣ ಸಣ್ಣದಿದ್ದಾಗ ಅದು ಅರ್ಧಕ್ಕಿಳಿಯಲು ಎರಡು ಮೂರು ಗಂಟೆಗಳು ಸಾಕು. ಪ್ರಮಾಣ ಹೆಚ್ಚಿದಂತೆ, ಅದನ್ನು ಪರಿವರ್ತಿಸುವ ಯಕೃತ್ತಿನ ಶಕ್ತಿ ತುಂಬಿಹೋಗಿ, ಅದೇ ಇಳಿತಕ್ಕೆ 15ರಿಂದ 30 ಗಂಟೆಗಳು ಹಿಡಿಯುತ್ತವೆ. ಹಿಂದಿನದು ಕರಗುವ ಮುನ್ನ ಮುಂದಿನದು ಬಂದು ಸೇರಿ ವಿಷವಾಗುತ್ತದೆ. ಅಂತಹ ರೋಗಿಗೆ ಆಸ್ಪತ್ರೆಯಲ್ಲಿ ಸೋಡಿಯಂ ಬೈಕಾರ್ಬೊನೇಟನ್ನು ರಕ್ತನಾಳಕ್ಕೆ ಕೊಟ್ಟು ಮೂತ್ರವನ್ನು ಕ್ಷಾರೀಯಗೊಳಿಸುತ್ತಾರೆ. ಆಗ ಸ್ಯಾಲಿಸಿಲೇಟ್ ಅಯಾನಿನ ರೂಪದಲ್ಲೇ ಉಳಿದು, ರಕ್ತಕ್ಕೆ ಮರಳಲಾರದೆ ಹೊರಬೀಳುತ್ತದೆ. ಆಮ್ಲ-ಪ್ರತ್ಯಾಮ್ಲಗಳ ಪಾಠ ಜೀವವುಳಿಸುವ ಬಗೆ ಇದು.

ಪ್ಯಾರಾಸಿಟಮಾಲ್ ತೀರ ದುರ್ಬಲ ಆಮ್ಲವಾದುದರಿಂದ ಮೇಲೆ ಹೇಳಿದ ಅನುಮಾಪನಕ್ಕೆ ಒಗ್ಗದು. ಅಳತೆಯ ನಿಯಮಕ್ಕೆ ಮಾತ್ರ ಅದೂ ಹೊರತಲ್ಲ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ, ಎಂದರೆ 500 ಮಿಲಿಗ್ರಾಮಿನ ಎಂಟು ಮಾತ್ರೆಗಳು, ಕಡೆಯ ಮಿತಿ. ನೆಗಡಿಗೆಂದು ಕೊಳ್ಳುವ ಮಿಶ್ರಮಾತ್ರೆಗಳಲ್ಲಿಯೂ ಅನೇಕ ವೇಳೆ ಇದೇ ಔಷಧವಿರುವುದನ್ನು ಅರಿಯದೆ ಎರಡನ್ನೂ ನುಂಗಿದವರು ಯಕೃತ್ತಿಗೆ ಅಪಾಯ ತಂದುಕೊಳ್ಳುತ್ತಾರೆ. ಮಕ್ಕಳ ಜ್ವರಕ್ಕಾಗಲಿ, ಡೆಂಗೆಯ ಶಂಕೆಯಿರುವಾಗಲಾಗಲಿ ಆಸ್ಪಿರಿನ್ನನ್ನು ತಾವಾಗಿ ಕೊಡಲೇಬಾರದು.

ಆದುದರಿಂದ ನಮ್ಮ ಸೂಚನೆ ಇಷ್ಟು. ಕಾಲೇಜುಗಳಲ್ಲಿ ವರ್ಷಕ್ಕೊಂದು ಸಲವಾದರೂ ವಿದ್ಯಾರ್ಥಿಗಳು ಮಾತ್ರೆಯೊಂದನ್ನು ಅಧ್ಯಾಪಕರ ಸಮ್ಮುಖದಲ್ಲಿ ಅನುಮಾಪನ ಮಾಡಲಿ. ಬರಬೇಕಾದ ಅಂಕಿಯನ್ನು ಮುಂಚಿತವಾಗಿ ಯಾರೂ ಹೇಳದಿರಲಿ. ಬಂದ ಅಂಕಿಗಲ್ಲದೆ, ಅದನ್ನು ಇದ್ದಂತೆ ಬರೆದು ವ್ಯತ್ಯಾಸದ ಕಾರಣವನ್ನು ಹುಡುಕಿದವರಿಗೆ ಗುಣಾಂಕ ದೊರೆಯಲಿ. ಇದರಿಂದ ವಿದ್ಯಾರ್ಥಿಗಳು ವೈದ್ಯರಾಗುವುದಿಲ್ಲ. ಔಷಧದ ಪ್ರಮಾಣವನ್ನು ನಿಶ್ಚಯಿಸುವ ಅಧಿಕಾರ ವೈದ್ಯರದೇ. ಆದರೆ ಒಂದು ಹನಿಯ ಬೆಲೆಯನ್ನರಿತ ಹುಡುಗ ಹುಡುಗಿಯರು ಮನೆಯಲ್ಲಿ ಅಜ್ಜನ ಮಾತ್ರೆಯ ಲೇಬಲ್ಲನ್ನು ಓದಿ ನೋಡುವರು. ತಮ್ಮನಿಗೆ ಔಷಧವನ್ನು ಅಡಿಗೆಮನೆಯ ಚಮಚದಲ್ಲಿ ಅಂದಾಜಿಗೆ ಸುರಿಯದೆ, ಅಳತೆಯ ಮುಚ್ಚಳದಲ್ಲಿ ಎರೆಯುವರು. ಆಗ ಮಾತ್ರೆ ಎಂಬ ಶಬ್ದ ತನ್ನ ಮೂಲ ಅರ್ಥವನ್ನು ಮರಳಿ ಪಡೆದೀತು.